ಗುಂಡಿನ ಮ್ಯಾಲಿಲ್ಲದ ಐದು

ಬಾಯಾರ ಕಾರು ತರಿಹಾಳಕ್ಕ ಬಂದಿದ್ದು ಟ್ರ್ಯಾಕ್ಟರಿನ ಟ್ರಾಲಿಯೊಳಗ,
ಶ್ರಾವಣದ ಮೊದಲ ಸ್ವಾಮಾರ.
ಎರಡ ಬಾಗಲಾ, ಎರಡ ಕುರ್ಚಿ, ಎಪ್ಪತ್ತೊಂದರ ಸ್ಪಿಟ್‌ಫಾಯರ್.
ಮೂತಿ ಪೂರ್ತಿ ಮುಂದಕ್ಕ ಮಗಚಿದೆ,
ಕಲ್ಲಂಗಡಿ ಸೀಳಿಟ್ಟಂಗ ಹೊಟ್ಟಿ ಬಯಲಾತು.

ಮೂರನೇ ಸಿಲಿಂಡರಿನ ಬಗಲಾಗ ಬ್ಲಾಕು ಬಿಟ್ಟಿತ್ತು,
ಕೂದಲೆಳಿಯಷ್ಟ.
"ಬೆಸಿಗಿ ಹಾಕಿದ್ರ ಹಿಡೀತದೇನು?"
"ಹಿಡೀತೈತ್ರಿ, ನಾಕು ತಿಂಗಳ."
ಕೇಶ್ವಾಪುರದ ಫಿಲೋಮಿನಾ ಬಾಯಾರು ಚಾಳೀಸು ಒರಸಿಕೊಂಡ್ರು.
ಎಂಟನೇತ್ತೆಯೊಳಗ ನನ್ನ ಎರಡು ವರ್ಷ ಕೂಡ್ರಿಸಿದಾಗೂ
ಹಿಂಗ ಒರಸಿಕೊಂಡಿದ್ರು.

ಗಬ್ಬೂರ ಗುಜರಿ ದಾವಲಸಾಬನ ಹಂತ್ಯಾಕ
ಮಿಲಿಟರಿ ಲಿಲಾವಿನ ಜಿಪ್ಸಿ ಇತ್ತು.
ಮೈಯೆಲ್ಲಾ ತುಕ್ಕು, ಒಳಗಿನ ಜೀವ ಗಟ್ಟಿ,
ಹದಿಮೂರನೂರು ಸೀಸಿ, ಐದು ಗೇರು.
ಬಾಯಾರು ಶೇಕಡಾ ಲೆಕ್ಕದಾಗ ಚೌಕಾಸಿ ಮಾಡಿದ್ರು.
ಲೆಕ್ಕ ತಿಳೀಲಾರದ ದಾವಲಸಾಬ ಹೂಂ ಅಂದ.

ನಾ ಲೇಥಿನಾಂವ.
ಹಳೇದರ ತೂತಿಗೆ ಹೊಸಾದರ ತೂತು ತಾನಾಗಿ ಕೂಡೂದಿಲ್ಲ,
ಇಷ್ಟು ನನಗ ಶಾಲಿ ಬಿಟ್ಟ ಮ್ಯಾಲ ತಿಳದದ್ದು.
ಯಾರದೋ ಲಗ್ನಪತ್ರಿಕಿ ಕತ್ತರಿಸಿ ಫರ್ಮಾ ಮಾಡಿದೆ,
ಚಿ. ಸೌ. ಅನ್ನೂದರ ನಟ್ಟನಡುವ ಬೋಲ್ಟಿನ ತೂತು.
ನಾಕು ಸಲ ಮೌಂಟಿಂಗ್ ಕೊಯ್ದೆ, ಮೂರು ಸಲ ಚೆಲ್ಲಿದೆ.
ಶಾಫ್ಟ್ ಮೂರೂಕಾಲು ಇಂಚು ಕಡದು ಬೆಸೆದು
ಎರಡು ಅಲಗಿನ ಮ್ಯಾಲಿಟ್ಟು ಉಳ್ಳಿಸಿದೆ,
ಯಾವ ಮಗ್ಗಲಿಗೆ ವಾಲ್ತೈತಿ ನೋಡಬೇಕಂತ.
ಗೇರ್‌ಬಾಕ್ಸು ದಪ್ಪ, ಕುರ್ಚಿ ನಡುವಿನ ಸುರಂಗ ಸಣ್ಣದು.
ಗ್ಯಾಸಿಲೆ ಕೊಯ್ದು, ಕುಸುಬಿ ಎಣ್ಣಿ ಡಬ್ಬಿ ಬಡದು ಮುಚ್ಚಿದೆ.
ಕಾರು ಕಾದರ ಈಗೂ ಎಣ್ಣಿ ವಾಸನಿ ಬರ್ತೈತಂತ.
ಸುಳ್ಳು. ತೊಳದೀನಿ.

ವಾಯರಿನ ಜಾಫರ ಬಂದ.
ಹೊರಸಿನ ಮ್ಯಾಲ ಶಾವಿಗಿ ಒಣಾ ಹಾಕಿಧಂಗ ಎಲ್ಲಾ ಹರವಿ
ಒಂದು ವಾರ ಬರೇ ನೋಡಿದ.
ಎಂಟನೇ ದಿನ ಹನ್ನೊಂದು ವಾಯರು ಕತ್ತರಿಸಿ ಒಗದ:
"ಇವು ಸರಕಾರಕ್ಕ ಬೇಕು, ನಮಗ ಬ್ಯಾಡ."

ದಿನಾ ಐದೂವರಿ ಬಸ್ಸಿಗೆ ಬಾಯಾರು ಬರೋರು,
ನೆಲದ ಮ್ಯಾಲ ಸೀಮೆಸುಣ್ಣದಾಗ ಹಲ್ಲಿಗೆ ಹಲ್ಲು ಭಾಗಿಸೋರು.
ಹಿಂದಿನ ಆಕ್ಸಲ್ಲು ಹಳೇದು, ಮುಂದಿನ ಚಕ್ರ ಹೊಸಾದು.
ಉತ್ತರದ ಕೆಳಗ ಎರಡು ಗೆರಿ.
ನಾ ಅದನ್ನ ತುಳೀಲಾರದ ದಾಟತಿದ್ದೆ,
ಬಾಯಾರು ಹೋದ ಮ್ಯಾಲೂ.

ಹಳೇ ಇಂಜಿನ್ ಮೂಲ್ಯಾಗ, ಟಾಯರಿನ ಮ್ಯಾಲ,
ಬಾಯಾಗ ಬಟ್ಟಿ ತುರುಕಿಸಿಕೊಂಡು ಕುಂತಿತ್ತು.
ಆರ್‌ಟಿಓ ಸಾಹೇಬರು ಪೆನ್ಸಿಲ್ ತಿಕ್ಕಿ ಹೊಸಾ ನಂಬರ್ ಇಳಿಸಿಕೊಂಡ್ರು,
ಹಳೇದರ ಮ್ಯಾಲ ಒಂದು ಗೆರಿ ಎಳದ್ರು.
ಬಾಯಾರು ಆಮ್ಯಾಲೆ ಬಂದು ಬಟ್ಟಿ ಬದಲಿಸಿದ್ರು,
ಒಗದ ಬಟ್ಟಿ, ಮನಿಯಿಂದ ತಂದದ್ದು.

ಬೈಪಾಸಿನ ಮ್ಯಾಲ ಇನ್ನೂ ಬೆಳಕಾಗಿರಲಿಲ್ಲ.
ಹೊಸಾ ಇಂಜಿನ್ ಹಗುರ, ಮೂತಿ ಎರಡು ಬಟ್ಟು ಎದ್ದಿತ್ತು,
ಯಾರೋ ಕರದಂಗಾತಲ್ಲಾ ಅಂತ ತಲಿ ಎತ್ತಿಧಂಗ.
ಗೇರಿನ ಗುಂಡಿನ ಮ್ಯಾಲ ಹಳೇ ನಕ್ಷಿ ಹಂಗ ಐತಿ,
ಒಂದು ಎರಡು ಮೂರು ನಾಕು,
ಅಂಗೈ ತಿಕ್ಕಿ ತಿಕ್ಕಿ ಒಂದು ಅರ್ಧ ಅಳಸೇತಿ.
ನಾಕು ಮುಗೀತು.
ಬಾಯಾರ ಕೈ ಬಲಕ್ಕ ಸರದು ಮ್ಯಾಲಕ್ಕ ಹೋತು,
ಏನೂ ಬರೀದ ಜಾಗಾಕ್ಕ.
ಇಂಜಿನ್ನಿನ ದನಿ ಇಳೀತು, ರಸ್ತೆ ಬ್ಯಾರೆ ಆತು.

ಮುಳ್ಳು ಮಾತ್ರ ನಲವತ್ತು ಅಂತಿತ್ತು.
ಲಾರಿ ಒಂದೊಂದ ಹಿಂದ ಬೀಳಾಕತ್ತಿದ್ವು.
"ಕೇಬಲ್ಲಿಗೆ ಸಣ್ಣದೊಂದು ಚಕ್ರ ಕಡದು ಕೊಡ್ತೀನ್ರಿ,
ಖರೇ ತೋರಸ್ತೈತಿ."
"ಬ್ಯಾಡ," ಅಂದ್ರು, ರಸ್ತೆ ಬಿಟ್ಟು ಕಣ್ಣು ತಿರವದ,
"ಗುಣಿಸೂದು ನನಗ ಬರ್ತದ. ನಿನಗ?"

ಹೊರಗ ಮಾರಿ ಮಾಡಿ ಬೆರಳು ಎಣಿಸಿದೆ.
ನಲವತ್ತಕ್ಕ ಒಂದೂವರಿ ಪಟ್ಟು, ಮ್ಯಾಲ ಇನ್ನೊಂದಿಷ್ಟು,
ಇನ್ನೊಂದಿಷ್ಟು ಅಂದ್ರ...
ಉತ್ತರ ಸಿಗೂದರೊಳಗ ನರೇಂದ್ರ ಹೋತು.